ವಾರಿಜಾಳ ಜೋಡಿ ಯಾರು?

ಒಂದು ವಿಶ್ವವಿದ್ಯಾಲಯದಲ್ಲಿ ವಿಪತ್ತು ನಿರ್ವಹಣೆ ಅಂತ ಒಂದು ಸ್ನಾತಕೋತ್ತರ ಕೋರ್ಸ್ ಇತ್ತು. ಬೆಂಕಿ ಬಿದ್ದರೆ ಏನು ಮಾಡಬೇಕು, ನೆರೆ ಬಂದರೆ ಎತ್ತ ಓಡಬೇಕು, ನೆಲ ನಡುಗಿದರೆ ಎಲ್ಲಿ ನಿಲ್ಲಬೇಕು, ಇದೇ ಅಲ್ಲಿನ ಪಾಠ. ಆ ವರ್ಷ ಆ ಕೋರ್ಸಿಗೆ ಸೇರಿದವಳು ವಾರಿಜಾ ಒಬ್ಬಳೇ.

ಪಾಠ ಹೇಳುವವರು ಚೆನ್ನವೀರಪ್ಪ ಮೇಷ್ಟ್ರು. ಎದುರಿಗಿರೋದು ಒಬ್ಬಳೇ ಆದರೂ ದಿನವೂ ಕನ್ನಡಕ ಏರಿಸಿಕೊಂಡು ಹಾಜರಿ ಕೂಗುತ್ತಿದ್ದರು.

"ವಾರಿಜಾ?"

"ಇದ್ದೇನೆ ಸರ್."

ಅಲ್ಲಿಗೆ ಹಾಜರಿ ಮುಗೀತು! ನಗು ಬರುತ್ತೆ ಅಲ್ವಾ? ವಾರಿಜಾಳಿಗೆ ನಗು ಬರುತ್ತಿರಲಿಲ್ಲ. ಎಷ್ಟೋ ದಿನ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ ದನಿ ಅದೊಂದೇ ಆಗಿತ್ತು.

ಹಾಸ್ಟೆಲಿನಲ್ಲೂ ಅಷ್ಟೇ. ಓದಿಗೆ ಅನುಕೂಲ ಅಂತ ಒಬ್ಬರೇ ಇರುವ ರೂಮು ಕೇಳಿ ಪಡೆದಿದ್ದಳು. ಪಕ್ಕದ ರೂಮಿನಲ್ಲಿ ಇತಿಹಾಸ ಓದುವ ಕಸ್ತೂರಿ ಅಂತ ಒಬ್ಬಳು ಇದ್ದಳು, ಬಲು ಮಾತಿನ ಮಲ್ಲಿ. ಸಂಜೆಯಾದರೆ ಬಾಗಿಲು ತಟ್ಟುವಳು. "ಅಕ್ಕಾ, ಚಹಾಕ್ಕೆ ಬರ್ತೀರಾ?"

"ಇಲ್ಲಮ್ಮ, ಓದೋದಿದೆ."

ಓದು ಬರೀ ನೆಪ. ಮಾತು ಹೇಗೆ ಶುರು ಮಾಡಬೇಕು ಅಂತಲೇ ವಾರಿಜಾಳಿಗೆ ಗೊತ್ತಿರಲಿಲ್ಲ. ಬಾಗಿಲು ಹಾಕಿಕೊಂಡು, ಕಸ್ತೂರಿಯ ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಗುವ ತನಕ ಅಲ್ಲೇ ಕಿವಿಗೊಟ್ಟು ನಿಲ್ಲುವಳು. ಹೋಗಬೇಕಿತ್ತು ಅನ್ನಿಸುತ್ತಿತ್ತು. ಮರುದಿನ ಮತ್ತೆ ಅದೇ ಉತ್ತರ ಕೊಡುತ್ತಿದ್ದಳು.

ಕಸ್ತೂರಿಗೆ ಇನ್ನೊಂದು ಅಭ್ಯಾಸವಿತ್ತು. ರಜೆಗೆ ಊರಿಗೆ ಹೊರಟರೆ ಪ್ರತಿ ರೂಮಿಗೂ ಹೋಗಿ "ಹೋಗಿ ಬರ್ತೀನಿ" ಅಂತ ಹೇಳದೆ ಗೇಟು ದಾಟುತ್ತಿರಲಿಲ್ಲ. ವಾರಿಜಾ ಮಾತ್ರ ಬ್ಯಾಗು ಹೆಗಲಿಗೇರಿಸಿ, ಯಾರಿಗೂ ಹೇಳದೆ ಕೇಳದೆ ಹೊರಟುಬಿಡುತ್ತಿದ್ದಳು.

ಕೊನೆಯ ಪರೀಕ್ಷೆ ಬಂತು. ಮೇಷ್ಟ್ರು ಹೇಳಿದರು, "ನಿಮ್ಮ ಹಾಸ್ಟೆಲಿಗೆ ಬೆಂಕಿ ಬಿದ್ದಿದೆ ಅಂದ್ಕೋ. ಎಲ್ಲರನ್ನೂ ಹೊರಗೆ ತರುವ ಯೋಜನೆ ಮಾಡು, ಒಂದು ದಿನ ಡ್ರಿಲ್ ನಡೆಸು. ಒಬ್ಬರೇ ಒಬ್ಬರು ಒಳಗೆ ಉಳಿದರೂ ಫೇಲ್. ನೆನಪಿರಲಿ."

ವಾರಿಜಾ ಊಟ ನಿದ್ದೆ ಬಿಟ್ಟು ಯೋಜನೆ ಮಾಡಿದಳು. ಹಾಸ್ಟೆಲಿನ ಪ್ರತಿ ಹುಡುಗಿಗೂ ಒಬ್ಬಳು ಜೋಡಿ. ಸೈರನ್ ಕೂಗಿದ ಕೂಡಲೇ ಜೋಡಿಯನ್ನು ಹುಡುಕಬೇಕು, ಕೈ ಹಿಡಿದುಕೊಂಡೇ ಕೆಳಗಿಳಿಯಬೇಕು. ಅಂಗಳದಲ್ಲಿ ಕೈ ಹಿಡಿದೇ ನಿಲ್ಲಬೇಕು. ಯಾರ ಜೋಡಿ ಇಲ್ಲವೋ ಅವರು ಕೂಗಬೇಕು. ಮೇಷ್ಟ್ರು ಎಲ್ಲ ಕೇಳಿ ತಲೆದೂಗಿದರು.

"ಭೇಷ್! ಅದು ಸರಿ, ನಿನ್ನ ಜೋಡಿ ಯಾರಮ್ಮ?"

"ನಾನು ಡ್ರಿಲ್ ನಡೆಸುವವಳು ಸರ್. ನನಗ್ಯಾಕೆ ಜೋಡಿ?"

ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿದರು. "ಆಯ್ತು. ರಜೆ ಮುಗಿದ ಮೇಲೆ ಬಂದು ವರದಿ ಒಪ್ಪಿಸು" ಅಂದರು.

ದಸರಾ ರಜೆ ಶುರುವಾಗುವ ಬೆಳಿಗ್ಗೆಯೇ ಡ್ರಿಲ್. ಮುಗಿದ ಕೂಡಲೇ ಎಲ್ಲರೂ ಬಸ್ಸು ಹತ್ತುವವರು, ಹಾಸ್ಟೆಲಿಗೆ ಬೀಗ. ಹಾಗಾಗಿ ಹುಡುಗಿಯರ ಬ್ಯಾಗು, ಮೊಬೈಲು ಎಲ್ಲ ಮೊದಲೇ ಗೇಟಿನ ಹತ್ತಿರ ಸೇರಿದ್ದವು. ಡ್ರಿಲ್ ಹೊತ್ತಿನಲ್ಲಿ ಕೈಯಲ್ಲಿ ಮೊಬೈಲು ಇರಬಾರದು ಅಂತ ನಿಯಮ ಮಾಡಿದವಳು ವಾರಿಜಾಳೇ. ತನ್ನದನ್ನು ರೂಮಿನ ಮೇಜಿನ ಮೇಲಿಟ್ಟಿದ್ದಳು.

ಸೈರನ್ ಕೂಗಿತು. ಹುಡುಗಿಯರು ಕಿಲಕಿಲ ನಗುತ್ತಾ, ಒಬ್ಬರನ್ನೊಬ್ಬರು ಎಳೆದುಕೊಂಡು ದಡದಡ ಇಳಿದರು. ವಾರಿಜಾ ಮಾತ್ರ ಮೇಲಕ್ಕೆ ಹತ್ತಿದಳು. ಎಲ್ಲ ಮಹಡಿ ನೋಡಿದಳು. ಕೊನೆಗೆ ಮುರಿದ ಮಂಚಗಳನ್ನು ತುಂಬಿಟ್ಟಿದ್ದ ಉಗ್ರಾಣದೊಳಗೂ ಹೆಜ್ಜೆಯಿಟ್ಟಳು. ಯಾರೂ ಇರಲಿಲ್ಲ. ತಿರುಗುವಷ್ಟರಲ್ಲಿ ಗಾಳಿಗೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಒಳಗಡೆ ಹಿಡಿಯೇ ಇಲ್ಲ!

ತಳ್ಳಿದಳು, ಒದ್ದಳು, ಕೂಗಿದಳು. ಸೈರನ್ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಮಂಚ ಹತ್ತಿ, ಮೇಲಿದ್ದ ಸಣ್ಣ ಕಿಂಡಿಯಿಂದ ಹೊರಗೆ ನೋಡಿದಳು. ಕೆಳಗೆ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬಳ ಕೈಯೂ ಜೋಡಿಯ ಕೈಯಲ್ಲಿತ್ತು. ಯಾರೂ ಯಾರನ್ನೂ ಕೂಗಲಿಲ್ಲ, ಯಾಕೆಂದರೆ ಯಾರಿಗೂ ಯಾರೂ ಕಮ್ಮಿಯಾಗಿರಲಿಲ್ಲ.

ಸೈರನ್ ನಿಂತಿತು. "ಎಲ್ಲರೂ ಬಂದಾಯ್ತು!" ಅಂದರು ವಾರ್ಡನ್ ಮೇಡಂ. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು.

ವಾರಿಜಾ ಕಿಂಡಿಗೆ ಬಾಯಿಟ್ಟು ಮತ್ತೆ ಕೂಗಿದಳು, ಆ ಚಪ್ಪಾಳೆಯ ಗದ್ದಲದಲ್ಲಿ ಅದೂ ಮುಳುಗಿಹೋಯಿತು. ಅವಳ ಯೋಜನೆ ಒಂದಿಷ್ಟೂ ತಪ್ಪಿರಲಿಲ್ಲ. ಆ ಯೋಜನೆಯಲ್ಲಿ ಅವಳೇ ಇರಲಿಲ್ಲ, ಅಷ್ಟೇ. ಬೀಗ ಬಿದ್ದರೆ ರಜೆ ಮುಗಿಯುವ ತನಕ ಈ ಕಡೆ ಯಾರೂ ಬರುವುದಿಲ್ಲ. ಇಂದು ಬರುತ್ತೇನೆ ಅಂತ ಮನೆಗೂ ತಿಳಿಸಿರಲಿಲ್ಲ. ನಾನು ಇಲ್ಲ ಅಂತ ಒಬ್ಬರಿಗೂ ಅನ್ನಿಸಲಿಲ್ಲವಲ್ಲ ದೇವರೇ ಅಂತ ಕಬ್ಬಿಣದ ಮಂಚ ಹಿಡಿದುಕೊಂಡು ಗಳಗಳನೆ ಅತ್ತಳು.

ಕೆಳಗೆ ಹುಡುಗಿಯರು ಬ್ಯಾಗು ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದರು. ಕಸ್ತೂರಿ ಮಾತ್ರ ಅತ್ತಿತ್ತ ನೋಡುತ್ತಾ ನಿಂತಿದ್ದಳು. "ಮೇಡಂ, ಪಕ್ಕದ ರೂಮಿನ ಅಕ್ಕ ಎಲ್ಲಿ?"

"ಆ ಡ್ರಿಲ್ ಹುಡುಗಿನಾ? ಅವರ ಮೇಷ್ಟ್ರ ಹತ್ತಿರ ಹೋಗಿರ್ತಾಳೆ ಬಿಡು. ನಡಿ, ಬಸ್ಸು ತಪ್ಪುತ್ತೆ."

"ಹೋಗಿ ಬರ್ತೀನಿ ಅಂತ ಹೇಳಿಲ್ಲ ಮೇಡಂ. ಹೇಳದೆ ಹೇಗೆ ಹೋಗೋದು?" ಅಂದವಳೇ ಮೆಟ್ಟಿಲು ಹತ್ತಿದಳು. ವಾರಿಜಾಳ ರೂಮು ತೆರೆದೇ ಇತ್ತು. ಮೇಜಿನ ಮೇಲೆ ಮೊಬೈಲು, ಮಂಚದ ಕೆಳಗೆ ಬ್ಯಾಗು. ಹೆಸರು ಹಿಡಿದು ಕೂಗೋಣವೆಂದರೆ ಹೆಸರೇ ಗೊತ್ತಿಲ್ಲ! ಇಷ್ಟು ದಿನದಲ್ಲಿ ವಾರಿಜಾ ಹೇಳಿದ್ದರೆ ತಾನೆ?

"ಅಕ್ಕಾ! ಪಕ್ಕದ ರೂಮಿನ ಅಕ್ಕಾ!" ಅಂತ ಕೂಗುತ್ತಾ ಮಹಡಿ ಮಹಡಿ ಅಲೆದಳು. ಉಗ್ರಾಣದ ಬಾಗಿಲು ಒಳಗಿನಿಂದ ದಬದಬ ಬಡಿದುಕೊಂಡಿತು.

ಬಾಗಿಲು ತೆರೆದಾಗ ವಾರಿಜಾ ಕಸ್ತೂರಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಸ್ತೂರಿಗೆ ಆ ಬಸ್ಸು ತಪ್ಪಿತು. ಇಬ್ಬರೂ ಗೇಟಿನಾಚೆ ಕೂತು, ಮುಂದಿನ ಬಸ್ಸು ಬರುವ ತನಕ ಚಹಾ ಕುಡಿದರು.

ರಜೆ ಮುಗಿಯಿತು. ಎಲ್ಲರೂ ಹೊರಬಂದರು ಅಂತ ವಾರ್ಡನ್ ಆಗಲೇ ಮೇಷ್ಟ್ರಿಗೆ ಹೇಳಿಯಾಗಿತ್ತು. ವಾರಿಜಾ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಪಾಸು.

"ಇಲ್ಲ ಸರ್" ಅಂದಳು ಅವಳು. "ಒಬ್ಬರು ಒಳಗೆ ಉಳಿದಿದ್ದರು. ನಾನೇ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ಫೇಲಾದೆ ಕಣಮ್ಮ."

"ಹೌದು ಸರ್."

"ಮತ್ತೊಮ್ಮೆ ಡ್ರಿಲ್ ಮಾಡು. ಈ ಸಲ ಹೇಳು, ನಿನ್ನ ಜೋಡಿ ಯಾರು?"

"ಕಸ್ತೂರಿ ಸರ್. ಆದರೆ ಅವಳಿಗೆ ಆಗಲೇ ಜೋಡಿ ಇದ್ದಾಳೆ. ಅದನ್ನೇ ಅವಳಿಗೂ ಹೇಳಿದೆ."

"ಅದಕ್ಕೇನಂದಳು?"

ವಾರಿಜಾ ನಕ್ಕಳು. "ಇನ್ನೊಂದು ಕೈ ಖಾಲಿ ಇದೆಯಲ್ಲಾ ಅಕ್ಕಾ, ಅಂದಳು ಸರ್."

ನೀತಿ: ಆಪತ್ತು ಬಂದಾಗ ದಾರಿ ಗೊತ್ತಿದ್ದರಷ್ಟೇ ಸಾಲದು, ನಾವು ಕಾಣದಿದ್ದರೆ ಹುಡುಕಿಕೊಂಡು ಬರುವ ಒಬ್ಬರಾದರೂ ಇರಬೇಕು. ಅವರನ್ನು ಸೈರನ್ ಕೂಗಿದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಇವತ್ತು ನಿಮ್ಮ ಬಾಗಿಲು ತಟ್ಟಿದವರಿಗೆ ಬಾಗಿಲು ತೆಗೆಯಿರಿ, ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ.