ದುರುಗಜ್ಜನ ಕುಟ್ಟಾಣಿ

ಹೊಳೆ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ ಬಿಡಿ. ಒಂದು ಗುಡಿಸಲು, ಒಂದು ಆಲದ ಮರ, ಬೋರಲು ಹಾಕಿದ ಹರಿಗೋಲುಗಳು. ದುರುಗಜ್ಜ ಅಲ್ಲಿ ಹರಿಗೋಲು ನಡೆಸುವುದನ್ನು ಕಲಿಸುತ್ತಿದ್ದರು. ಮಿಕ್ಕಿದ್ದನ್ನು ಹೊಳೆ ಕಲಿಸುತ್ತದೆ ಅನ್ನುತ್ತಿದ್ದರು.

ಬಿದಿರು ಹೆಣೆದ ಬುಟ್ಟಿಯಂಥ ಆ ದೋಣಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಿಡಿದ ಕೈ ಎತ್ತ ಎಳೆಯುತ್ತದೋ ಅತ್ತ ಹೋಗುತ್ತದೆ. ಯಾರ ಕೈಯೂ ನೆಟ್ಟಗೆ ಎಳೆಯುವುದಿಲ್ಲ. ಒಬ್ಬೊಬ್ಬರದು ಒಂದೊಂದು ಕಡೆಗೆ ವಾಲುತ್ತದೆ.

ಅದಕ್ಕೇ ಅಲ್ಲೊಂದು ಪದ್ಧತಿ. ಬೇಸಿಗೆಯಲ್ಲಿ ಹೊಳೆಯ ಅಬ್ಬರ ಇಳಿದಾಗ ಶಿಷ್ಯನ ಕಣ್ಣಿಗೆ ರುಮಾಲು ಕಟ್ಟುತ್ತಾರೆ. ಹರಿಗೋಲನ್ನು ಗಿರಗಿರ ತಿರುಗಿಸಿ ನೀರಿಗೆ ತಳ್ಳುತ್ತಾರೆ. ಅಷ್ಟರಲ್ಲಿ ಅಜ್ಜ ಇನ್ನೊಂದು ಹರಿಗೋಲಲ್ಲಿ ಆಚೆ ದಡ ಸೇರಿ, ಚಪ್ಪಡಿ ಕಲ್ಲಿನ ಮೇಲೆ ಕೂತಿರುತ್ತಾರೆ. ನೀರಿನ ಸೆಳೆತ ಒಂದನ್ನೇ ನಂಬಿ ಶಿಷ್ಯ ಆ ಕಲ್ಲಿಗೆ ಬರಬೇಕು. ಎಷ್ಟು ಆಚೀಚೆ ಹೋದನೋ ಅದು ಅವನ ವಾಲು.

"ಇದೆಲ್ಲ ಯಾಕೆ ಬೇಕು?" ಅಂತ ಕೇಳಿದವರಿಗೆ ಅಜ್ಜ ಹೇಳುತ್ತಿದ್ದರು: "ಮಂಜು ಕವಿದ ದಿನ ಹರಿಗೋಲಿನ ತುಂಬ ಜನ ಇರ್ತಾರೆ. ತನ್ನ ಕೈ ಎತ್ತ ವಾಲ್ತದೆ ಅಂತ ಗೊತ್ತಿರೋನು ತಿದ್ದಿಕೊಂಡು ಹೊಡೀತಾನೆ. ಗೊತ್ತಿಲ್ಲದೋನು ಬಂಡೆಗೆ ಹೊಡೀತಾನೆ."

ಶಿಷ್ಯರಲ್ಲಿ ಗಾದಿಲಿಂಗ ಅಂತ ಒಬ್ಬ. ಪೇಟೆಯಲ್ಲಿ ಒಂದಷ್ಟು ಓದಿ ಬಂದವನು. ಅವನ ಹರಿಗೋಲು ಸೀದಾ ಬಂದು ಅಜ್ಜನ ಕಾಲ ಬುಡಕ್ಕೇ ನಿಲ್ಲುತ್ತಿತ್ತು. ಒಂದು ಸಲ ಅಲ್ಲ, ಪ್ರತಿ ಸಲ. ಅಂಥವನನ್ನು ಆ ದಂಡೆ ಅದುವರೆಗೆ ಕಂಡಿರಲಿಲ್ಲ. ಕಣ್ಣಿನ ರುಮಾಲು ಬಿಚ್ಚಿದರೆ ಎದುರಿಗೆ ಅಜ್ಜ, ಅಡಿಕೆ ಕುಟ್ಟುತ್ತಾ.

"ಭೇಷ್," ಅನ್ನುತ್ತಿದ್ದರು ಅಜ್ಜ.

ಆ ಒಂದು ಮಾತಿಗೆ ಗಾದಿಲಿಂಗನಿಗೆ ಹೊಟ್ಟೆ ತುಂಬುತ್ತಿತ್ತು.

ಅಜ್ಜನ ಹತ್ತಿರ ಸಾಗುವಾನಿ ಹುಟ್ಟುಗಳಿದ್ದವು. ಅದರಲ್ಲೊಂದನ್ನು ಯಾರ ಕೈಗೆ ಕೊಡುತ್ತಾರೋ ಅವನಿಗೆ ಜನರನ್ನು ದಾಟಿಸುವ ಹಕ್ಕು. ಗಾದಿಲಿಂಗ ಅದಕ್ಕಾಗಿ ಕಾದು ಕಾದು ಸೋತ.

"ಅಜ್ಜಾ, ನನಗೆ ಹುಟ್ಟು ಯಾವಾಗ ಕೊಡ್ತೀರಿ?"

"ನಿನ್ನ ವಾಲು ಯಾವುದು ಹೇಳು, ಕೊಡ್ತೀನಿ."

"ನನಗೆ ವಾಲೇ ಇಲ್ಲ. ನೀವೇ ನೋಡೀರಲ್ಲ."

"ಹಂಗಾದ್ರೆ ಇನ್ನೂ ಸ್ವಲ್ಪ ದಿನ ಇರು."

ಗಾದಿಲಿಂಗನಿಗೆ ಉರಿದುಹೋಯಿತು. "ನನ್ನ ಜೊತೆ ಕಲಿತ ಆ ಪಂಪಣ್ಣನಿಗೆ ಹೋದ ವರ್ಷವೇ ಜನ ದಾಟಿಸೋಕೆ ಹುಟ್ಟು ಕೊಟ್ರಿ. ಕಲ್ಲಿನಿಂದ ಮಾರು ದೂರ ಹೋಗಿ ನಿಂತವನು ಅವನು. ಮೇಲೆ ಬಾಯಿ ಮುಚ್ಚೋದೇ ಇಲ್ಲ. ಹತ್ತಿದವರನ್ನೆಲ್ಲ ಮಾತಾಡಿಸ್ತಾನೆ. ಕೆಟ್ಟ ಚಾಳಿ."

"ನೀನೂ ದಿನಾ ಬೆಳಿಗ್ಗೆ ಹರಿಗೋಲಿನ ಜೊತೆ ಮಾತಾಡ್ತೀಯಲ್ಲಪ್ಪ."

"ಅದು ಹ್ಯಾಬಿಟ್ ಅಜ್ಜಾ."

"ಹ್ಯಾಬಿಟ್ ಅಂದ್ರೇನು?"

"ಅಂದ್ರೆ... ರೂಢಿ. ಮಾಡಿ ಮಾಡಿ ಮೈಗೆ ಹತ್ತಿದ್ದು."

"ಚಾಳಿ ಅಂದ್ರೆ?"

"ಅದೂ ಮೈಗೆ ಹತ್ತಿದ್ದೇ. ಆದ್ರೆ ಕೆಟ್ಟದ್ದು."

"ಯಾವುದಕ್ಕೆ ಯಾವ ಹೆಸರು ಅಂತ ಹೆಂಗೆ ಗೊತ್ತುಮಾಡ್ತೀಯ?"

"ನೋಡಿದ್ರೆ ಗೊತ್ತಾಗ್ತದೆ," ಅಂದ ಗಾದಿಲಿಂಗ.

ಅಜ್ಜ ಬಾಯಿಗೆ ಅಡಿಕೆ ಪುಡಿ ಹಾಕಿಕೊಂಡರು. ಅವರಿಗೆ ಹಲ್ಲಿರಲಿಲ್ಲ. ಕುಟ್ಟಾಣಿ ಇಲ್ಲದೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಗಾದಿಲಿಂಗ ತಡೆಯಲಾರದೆ ಒಂದು ಕೆಲಸ ಮಾಡಿದ. ಆಚೆ ಊರಲ್ಲಿದ್ದ ಅವ್ವನಿಗೆ ಹೇಳಿ ಕಳಿಸಿದ: ಸೋಮವಾರ ಚಪ್ಪಡಿ ಕಲ್ಲಿನ ಹತ್ತಿರ ಬಂದು ನಿಲ್ಲು, ಗುರುಗಳ ಹುಟ್ಟು ಹಿಡಿದು ನಾನೇ ನಿನ್ನನ್ನು ಈಚೆಗೆ ಕರೆತರುತ್ತೇನೆ.

ಸೋಮವಾರ ಬಂತು. ಅವ್ವನೂ ಬಂದಳು. ಹೊಸ ಸೀರೆ ಉಟ್ಟು ಆಚೆ ದಡದಲ್ಲಿ ನಿಂತದ್ದು ಇಲ್ಲಿಗೆ ಕಾಣುತ್ತಿತ್ತು.

"ಅವ್ವನ ಮುಂದೆ ನನ್ನ ಮಾನ ಉಳಿಸ್ರಿ ಅಜ್ಜಾ," ಅಂದ ಗಾದಿಲಿಂಗ. "ಇನ್ನೊಂದು ಸಲ ಕಣ್ಣು ಕಟ್ಟಿ ನೋಡ್ರಿ. ಆ ಕಲ್ಲಿಗೇ ಹೋಗಿ ನಿಲ್ತೀನಿ. ಆಮೇಲಾದ್ರೂ ಕೊಡ್ರಿ."

"ಆಗಲಿ," ಅಂದರು ಅಜ್ಜ.

ಕಣ್ಣು ಕಟ್ಟಿದರು. ಅಜ್ಜ ಪಂಪಣ್ಣನಿಗೆ ಕೈಸನ್ನೆ ಮಾಡಿ, ಅವನೊಬ್ಬನನ್ನೇ ಆಚೆಗೆ ಕಳಿಸಿದರು. ತಾವು ಈಚೆ ದಡದ ಮೆಟ್ಟಿಲ ಮೇಲೆ ಕೂತರು. ಮಿಕ್ಕ ಶಿಷ್ಯರು ಗಾದಿಲಿಂಗನ ಹರಿಗೋಲನ್ನು ತಿರುಗಿಸಿ ತಳ್ಳಿದರು.

ಅಜ್ಜ ಅಡಿಕೆ ಕುಟ್ಟತೊಡಗಿದರು. ಟಕ್, ಟಕ್, ಟಕ್.

ಹರಿಗೋಲು ನಡುಹೊಳೆಗೆ ಹೋಯಿತು. ಅಲ್ಲಿ ಒಂದು ಸುತ್ತು ಸುತ್ತಿತು. ಆಮೇಲೆ ನೆಟ್ಟಗೆ, ಒಂದಿಷ್ಟೂ ಅಲುಗಾಡದೆ, ಹೊರಟ ದಡಕ್ಕೇ ತಿರುಗಿ ಬಂತು. ಅಜ್ಜನ ಕಾಲ ಬುಡದಲ್ಲಿ ನಿಂತಿತು.

"ಬಂದೆ ಅವ್ವಾ," ಅನ್ನುತ್ತಾ ಗಾದಿಲಿಂಗ ರುಮಾಲು ಬಿಚ್ಚಿದ.

ಎದುರಿಗೆ ಆಲದ ಮರ, ಗುಡಿಸಲು. ಅವ್ವ ಅಷ್ಟು ದೂರದಲ್ಲಿ, ಕಲ್ಲಿನ ಹತ್ತಿರ, ಪಂಪಣ್ಣನ ಪಕ್ಕದಲ್ಲಿ ನಿಂತಿದ್ದಳು.

"ನಾನು ಇಲ್ಲಿಗೆ ಹೆಂಗೆ ಬಂದೆ ಅಜ್ಜಾ?"

ಅಜ್ಜ ಕುಟ್ಟಾಣಿಗೆ ಒಂದು ಏಟು ಹಾಕಿದರು. ಟಕ್.

ಗಾದಿಲಿಂಗ ಕುಟ್ಟಾಣಿಯನ್ನೇ ನೋಡಿದ. "ಪ್ರತಿ ಸಲವೂ ಇದರ ಹಿಂದೆಯೇ ಬರ್ತಿದ್ನಾ?"

"ಎಲ್ಲರ ಕಿವಿಗೂ ಬೀಳ್ತದೆ. ಅವರು ನೀರು ನೋಡ್ಕೊಂಡು ಬರ್ತಾರೆ. ನೀನು ನನ್ನ ನೋಡ್ಕೊಂಡು ಬರ್ತೀಯ."

ಗಾದಿಲಿಂಗ ಹರಿಗೋಲಿನಿಂದ ಇಳಿದು ಮಂಡಿಯುದ್ದ ನೀರಲ್ಲಿ ನಿಂತೇ ಅತ್ತ. ಆಮೇಲೆ ಅಂದ, "ಇದು ಕುಟ್ಟಾಣಿ ಮಾತಲ್ಲ ಅಜ್ಜಾ. ನೀವು ಭೇಷ್ ಅಂತೀರಲ್ಲ, ಅದಕ್ಕೆ ಬರ್ತಿದ್ದೆ. ಹೆತ್ತವ್ವನ್ನ ಆ ಕಡೆ ನಿಲ್ಲಿಸಿ ಅದಕ್ಕೇ ಬಂದೆ."

"ಇದಕ್ಕೆ ಏನಂತೀಯ? ಹ್ಯಾಬಿಟ್ಟಾ?"

"ಚಾಳಿ."

ಅಜ್ಜ ಎದ್ದು ಗುಡಿಸಲಿಗೆ ಹೋಗಿ ಸಾಗುವಾನಿ ಹುಟ್ಟು ತಂದು ಅವನ ಕೈಗೆ ಕೊಟ್ಟರು.

"ಸೋತ ದಿನ ಕೊಡ್ತೀರಾ?"

"ವಾಲು ಹೇಳಿದ್ರೆ ಕೊಡ್ತೀನಿ ಅಂದಿದ್ದೆ. ನೀನು ಹೇಳಿದೆ, ನಾನು ಕೊಟ್ಟೆ."

ಗಾದಿಲಿಂಗ ಹುಟ್ಟನ್ನು ಎದೆಗೆ ಒತ್ತಿಕೊಂಡ. ಹೊರಟವನು ಏನೋ ನೆನಪಾಗಿ ನಿಂತ. "ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಮೊದಲ ಸಲವೇ."

"ಮತ್ತೆ ದಿನಾ ಯಾಕೆ ಕುಟ್ತಿದ್ರಿ? ನಿಲ್ಲಿಸಬಹುದಿತ್ತಲ್ಲ."

ಅಜ್ಜ ಹೊಳೆ ನೋಡಿದರು. "ನೀನು ಬಂದು ಕಾಲ ಹತ್ರ ನಿಂತಾಗ ಎದೆ ಉಬ್ಬಿ ಬರ್ತಿತ್ತಪ್ಪ. ನೋಡ್ರೋ ನನ್ನ ಶಿಷ್ಯನ್ನ ಅಂತ ಇಡೀ ಹೊಳೆಗೆ ಕೂಗಿ ಹೇಳಬೇಕು ಅನ್ನಿಸ್ತಿತ್ತು. ಅದು ನನ್ನ ಚಾಳಿ."

ಗಾದಿಲಿಂಗನಿಗೆ ಅಳುವಿನ ನಡುವೆ ನಗು ಬಂತು. ಹರಿಗೋಲು ಹತ್ತಿ ಹೊರಟ.

ಅಜ್ಜ ಹೊಳೆಗೆ ಬೆನ್ನು ಮಾಡಿ ಕೂತರು. ಕುಟ್ಟಾಣಿಯನ್ನು ಪಕ್ಕಕ್ಕೆ ಸರಿಸಿದರು. ಶಿಷ್ಯರು "ಅಜ್ಜಾ, ನೋಡ್ರಿ ಹೆಂಗೆ ಹೋಗ್ತಿದ್ದಾನೆ" ಅಂದರೂ ತಿರುಗಲಿಲ್ಲ.

ಗಾದಿಲಿಂಗ ಅವ್ವನನ್ನು ಕರೆತಂದ. ಪಂಪಣ್ಣ ತನ್ನ ಹರಿಗೋಲಲ್ಲಿ ಹಿಂದೆಯೇ ಬಂದ.

"ನೀನು ಅರ್ಧ ಹೊಳೆಗೆ ಬಂದು ವಾಪಸ್ ಹೋದಾಗ ನನ್ನ ಜೀವ ಬಾಯಿಗೆ ಬಂದಿತ್ತು," ಅಂದಳು ಅವ್ವ, ದಡಕ್ಕೆ ಕಾಲಿಡುತ್ತಾ. "ಈ ಹುಡುಗ ಒಂದೇ ಸಮನೆ ಮಾತಾಡಿಸ್ತಾ ಇದ್ದ, ಅದಕ್ಕೆ ತಡ್ಕೊಂಡೆ."

ಗಾದಿಲಿಂಗ ಪಂಪಣ್ಣನ ಹೆಗಲ ಮೇಲೆ ಕೈ ಹಾಕಿದ. "ಒಳ್ಳೆ ಹ್ಯಾಬಿಟ್ ಕಣೋ ನಿಂದು," ಅಂದ.

ಅವ್ವ ಮೆಟ್ಟಿಲು ಹತ್ತಿ ಬಂದಳು. ಅಜ್ಜ ಇನ್ನೂ ಬೆನ್ನು ಮಾಡಿಯೇ ಕೂತಿದ್ದರು. ಅವರ ಕೈ ಕುಟ್ಟಾಣಿಯ ಮೇಲಿರಲಿಲ್ಲ.

"ನನ್ನ ಮಗ ಹೆಂಗೆ ಹುಟ್ಟು ಹಾಕಿದ ಅಜ್ಜಾ?" ಅಂತ ಕೇಳಿದಳು.

"ನಾನು ನೋಡ್ಲಿಲ್ಲವ್ವ," ಅಂದರು ದುರುಗಜ್ಜ. "ಅದಕ್ಕೇ ಚಲೋ ಹಾಕಿರಬೇಕು."