ಹೊಂಗೆಯ ಬೇರಿನ ಗಂಟು

ಹೊಳೆ ಪ್ರತಿವರ್ಷ ಮಠದ ದಂಡೆಯನ್ನು ತಿನ್ನುತ್ತಿತ್ತು. ದಂಡೆ ಕುಸಿಯದಿರಲೆಂದು ನಿರ್ವಾಣಯ್ಯ ಗುರುಗಳು ನಲವತ್ತು ಹೊಂಗೆ ಸಸಿ ಬೆಳೆಸುವ ಕೆಲಸವನ್ನು ಶಿಷ್ಯ ಸಿದ್ಧವೀರನಿಗೆ ವಹಿಸಿದ್ದರು.

ಸಿದ್ಧವೀರ ಮಹಾ ಪುಕ್ಕಲ. ಸಸಿಯ ಒಂದು ಎಲೆ ಬಾಡಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ನಾಳೆ ನೆಡಬೇಕು ಎನ್ನುವಾಗ ಒಂದು ಸಸಿಯ ಚೀಲ ಹರಿಯಿತು. ಮಣ್ಣು ಉದುರಿ ಬೇರು ಕಂಡಿತು. ಬೇರಿನ ತುಂಬ ಗಂಟು!

ಗಂಟುರೋಗ ಬಂದು ಅಪ್ಪನ ಟೊಮೆಟೊ ತೋಟ ಒಣಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಯಾರನ್ನೂ ಕೇಳದೆ ಚಾಕು ತಂದ. ಒಂದೊಂದೇ ಚೀಲ ಬಿಚ್ಚಿ ಗಂಟು ತೆಗೆಯತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಮೂವತ್ತು ಮುಗಿದಿದ್ದವು. ಮೊದಲು ಬಿಚ್ಚಿದವು ಆಗಲೇ ತಲೆ ಬಾಗಿಸಿದ್ದವು. ಕತ್ತರಿಸಿದ ಗಂಟುಗಳನ್ನು ಹಿಡಿದು ಅವನು ಗುರುಗಳ ಹತ್ತಿರ ಓಡಿದ.

"ಬುದ್ಧೀ, ಸಸಿಗೆಲ್ಲ ರೋಗ! ಗಂಟು ಕತ್ತರಿಸಿದರೂ ಬಾಡ್ತಾ ಇವೆ."

ಗುರುಗಳು ಒಂದು ಗಂಟನ್ನು ಉಗುರಿನಿಂದ ಸೀಳಿ ಅವನ ಅಂಗೈ ಮೇಲಿಟ್ಟರು. ಒಳಗೆ ನಸುಗೆಂಪಗಿತ್ತು.

"ನಿಮ್ಮಪ್ಪನ ಟೊಮೆಟೊ ಗಿಡದಲ್ಲಿ ಬೇರಿನ ಮೈಯೇ ಊದಿಕೊಂಡಿತ್ತೋ, ಗಂಟು ಪಕ್ಕಕ್ಕೆ ಅಂಟಿಕೊಂಡಿತ್ತೋ?"

"ಬೇರಿನ ಮೈಯೇ ಊದಿತ್ತು, ಬುದ್ಧಿ."

"ಇದು?"

"ಪಕ್ಕದಲ್ಲಿತ್ತು. ಉಗುರು ತಾಗಿದರೆ ಸಾಕು, ಬಿಡ್ತಿತ್ತು." ಹೇಳುತ್ತ ಹೇಳುತ್ತಲೇ ಅವನು ಅಂಗೈ ಮೇಲಿನ ಗಂಟನ್ನು ಮತ್ತೆ ನೋಡಿದ. "ರೋಗ ಅಲ್ವೇ?"

"ಅಡುಗೆಮನೆ. ಕಣ್ಣಿಗೆ ಕಾಣದ ಜೀವಗಳು ಒಳಗೆ ಕೂತು, ಗಾಳಿಯಿಂದ ಮರಕ್ಕೆ ಅನ್ನ ಮಾಡ್ತವೆ."

ಅವರು ಅವನನ್ನು ಹೊಳೆಯ ಮರಳು ದಿಣ್ಣೆಗೆ ಕರೆದೊಯ್ದು ಸರ್ವೆ ಮರದ ಬುಡ ಕೆದಕಿದರು. ಅಲ್ಲೂ ಗಂಟು. ಆದರೆ ಹೊಂಗೆಯದರಂತೆ ಬಿಡಿಬಿಡಿ ಅಲ್ಲ, ಶುಂಠಿಯಂತೆ ಕವಲೊಡೆದ ಗಟ್ಟಿ ಗೊಂಚಲು.

"ಇದು ಹೊಂಗೆಯ ಬಳಗವೇ, ಬುದ್ಧಿ?"

"ಅಲ್ಲ. ವಂಶ ಬೇರೆ, ಒಳಗಿರೋ ಅತಿಥಿಯೂ ಬೇರೆ. ಹಸಿವು ಮಾತ್ರ ಒಂದೇ. ಬಡ ಮಣ್ಣಲ್ಲಿ ಯಾವ ಕಾಲದಿಂದಲೋ ಹಸಿದು, ಎರಡೂ ತಮ್ಮ ತಮ್ಮ ರೀತಿಯಲ್ಲಿ ಬಾಗಿಲು ತೆಗೆದವು."

ಸಿದ್ಧವೀರ ಕುಸಿದು ಕೂತ. "ಆ ಬಾಗಿಲನ್ನೇ ನಾನು ಕಿತ್ತುಹಾಕಿದೆ. ಮಳೆಗಾಲಕ್ಕೆ ದಂಡೆ ಹೋಗ್ತದೆ. ನನ್ನನ್ನು ಊರಿಗೆ ಕಳಿಸಿಬಿಡಿ, ಬುದ್ಧಿ."

ಗುರುಗಳು ಅವನ ಕೈಗೆ ಬುಟ್ಟಿ ಕೊಟ್ಟರು. "ಹಳೇ ಹೊಂಗೆ ಮರದ ಬುಡದ ಮಣ್ಣು ತಾ, ಆ ಜೀವಗಳು ಅದರಲ್ಲೂ ಇರ್ತವೆ. ಪ್ರತಿ ಗುಂಡಿಗೂ ಎರಡೆರಡು ಹಿಡಿ ಹಾಕಿ ಸಸಿ ನೆಡು. ನೆರಳು ಕಟ್ಟು, ನೀರು ಕೊಡು. ಗಂಟು ಮತ್ತೆ ಕಟ್ಟೀತು."

ಸಂಜೆಯೊಳಗೆ ನಲವತ್ತೂ ಸಸಿ ನೆಟ್ಟಾಯಿತು. ಆದರೂ ಅವನು ದಂಡೆ ಬಿಟ್ಟು ಏಳಲಿಲ್ಲ. ಬೆರಳುಗಳು ಒಂದು ಸಸಿಯ ಬುಡ ಕೆರೆಯುತ್ತಲೇ ಇದ್ದವು.

"ಬುದ್ಧಿ, ಗಂಟು ಕಟ್ಟಿದೆಯೋ ಇಲ್ಲವೋ ಅಂತ ಯಾವಾಗ ಅಗೆದು ನೋಡಲಿ? ನಾಳೆ? ನಾಳಿದ್ದು?"

ಗುರುಗಳು ಬಗ್ಗಿ, ಅವನು ಕೆರೆದಿದ್ದ ಮಣ್ಣನ್ನು ಮತ್ತೆ ಬುಡಕ್ಕೆ ಒತ್ತಿದರು.

"ನೀನು ಇಲ್ಲಿಗೆ ಬಂದು ಎರಡು ವರ್ಷ ಆಯ್ತು, ಸಿದ್ಧವೀರ. ನಾನು ನಿನ್ನನ್ನು ಎಷ್ಟು ಸಲ ಅಗೆದು ನೋಡಿದೆ?"