ಬೋರಲಿಂಗ ಸಾರೋಟು ಎಳೆದುಕೊಂಡು ಸೂಲಿಬೆಲೆಗೆ ಹೋದದ್ದು

ಕೂತ್ಕೊಳ್ರಪ್ಪ, ಕೂತ್ಕೊಳ್ಳಿ. ಹೇಳ್ತೀನಿ. ಮಧ್ಯದಲ್ಲಿ ಎದ್ದು ಹೋದವರು ಆಮೇಲೆ ಬಂದು ಸಾರೋಟು ಎಲ್ಲಿಗೆ ಹೋಯಿತು ಅಂತ ನನ್ನ ಕೇಳಬೇಡಿ.

ಮಾಗಡಿ ಕಡೆ ಕುದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ. ಇದ್ದವನು ಒಬ್ಬನೇ ಮಗ, ಬೋರಲಿಂಗ. ಆಳೆತ್ತರದ ಹುಡುಗ, ಜೀಪು ಓಡಿಸೋದರಲ್ಲಿ ಎತ್ತಿದ ಕೈ. ಬುದ್ಧಿ ಮಾತ್ರ ಹೇಳಿದಷ್ಟಕ್ಕೇ ನಿಂತುಬಿಡೋದು. ಎಮ್ಮೆ ಹಗ್ಗ ಬಿಡಬೇಡ ಕಣೋ ಅಂದರೆ, ಎಮ್ಮೆ ಕೆರೆಯಲ್ಲಿ ಹೊರಳಾಡುವಾಗ ತಾನೂ ಹಗ್ಗ ಹಿಡ್ಕೊಂಡು ಹೊರಳಾಡೋನು.

"ನಿನ್ನ ಹೆತ್ತು ನಾನು ಏನು ಸುಖ ಕಂಡೆನೋ!" ಅಂತ ದೊಡ್ಡತಾಯಮ್ಮ ತಲೆ ಚಚ್ಚಿಕೊಳ್ಳೋಳು.

"ಏನು ಕಂಡೆ, ಹೇಳವ್ವ" ಅಂತ ಅವನು ಕೇಳೋನು.

ಮಗ ಪೆದ್ದ ಅನ್ನೋದನ್ನ ಹೆಂಗೋ ನುಂಗಿಕೊಂಡಿದ್ದಳು. ನುಂಗೋಕಾಗದೇ ಇದ್ದದ್ದು ಪಕ್ಕದ ಮನೆ. ಪಕ್ಕದ ಮನೆಯಲ್ಲಿ ಅವಳ ಓರಗಿತ್ತಿ ಸಾಕಮ್ಮ, ಗಂಡನ ತಮ್ಮನ ಹೆಂಡತಿ. ಇವಳ ಮನೆಗೆ ಬೀರು ಬರೋದರೊಳಗೆ ಅವಳ ಮನೆಗೆ ಫ್ರಿಜ್ಜು ಬಂತು. ಇವಳ ಹಸು ಹೋರಿಗರು ಹಾಕಿದರೆ ಅವಳ ಹಸು ಹೆಣ್ಣುಗರು ಹಾಕ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೊಬ್ಬ ಮಗ ಇದ್ದ, ನಿಂಗರಾಜ. ಹೇಳದೇ ಇದ್ದದ್ದನ್ನೂ ತಿಳ್ಕೊಂಡು ಮಾಡೋನು. ಸಾಕಮ್ಮ ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಹಗುರ ಆಗಬಹುದಿತ್ತು. ಅವಳೋ "ಅಕ್ಕಾ, ಸಾರು ಮಾಡಿದ್ದೆ" ಅಂತ ಬಟ್ಟಲು ಹಿಡ್ಕೊಂಡು ಬರೋಳು. ಸಾರು ರುಚಿಯಾಗಿಯೂ ಇರೋದು. ದೊಡ್ಡತಾಯಮ್ಮನ ಹೊಟ್ಟೆ ಉರಿದುಹೋಗೋದು.

ಈಗ ಅವರ ನಾದಿನಿ ಹೊಂಬಾಳಮ್ಮನ ಮಗಳಿಗೆ ಮದುವೆ ಗೊತ್ತಾಯಿತು, ಸೂಲಿಬೆಲೆಯಲ್ಲಿ. ಮದುಮಗನನ್ನ ಗುಡಿಯಿಂದ ಕಲ್ಯಾಣ ಮಂಟಪಕ್ಕೆ ಮೆರವಣಿಗೆಯಲ್ಲಿ ಕರ್ಕೊಂಡು ಬರೋದು ಹೆಣ್ಣಿನ ಸೋದರಮಾವನ ಮನೆಯವರ ಪಾಲಿನ ಕೆಲಸ ಅಂತ ಆಯಿತು. ದೊಡ್ಡತಾಯಮ್ಮನ ಮನೆಯಲ್ಲಿ ಮಾವನ ಕಾಲದ ಸಾರೋಟಿತ್ತು. ಕೆಂಪು ಮಖಮಲ್ಲಿನ ಸೀಟು, ಹಿತ್ತಾಳೆ ದೀಪ. ಕುದುರೆ ಸತ್ತ ಮೇಲೆ ಕೊಂಡಿ ಹಾಕಿಸಿ ಜೀಪಿನ ಹಿಂದೆ ಕಟ್ಟಿ ಎಳೆಯೋರು. ಸಾಕಮ್ಮನ ಮನೆಯಲ್ಲಿ ನಿಂಗರಾಜನ ಹೊಸ ಬಿಳಿ ಕಾರಿತ್ತು.

ಹೊಂಬಾಳಮ್ಮ ಅಂದಳು: "ಇಬ್ಬರೂ ಅತ್ತಿಗೇರೇ. ನಾನು ಯಾರಿಗೂ ಬೇಡ ಅನ್ನಕ್ಕಿಲ್ಲ. ಸಾರೋಟು ಐದು ಗಂಟೆಗೆ ಬಂದರೆ ಗಂಡು ಸಾರೋಟಲ್ಲಿ ಬರಲಿ. ಬರದಿದ್ದರೆ ಕಾರಲ್ಲಿ ಬರಲಿ."

ದೊಡ್ಡತಾಯಮ್ಮನಿಗೆ ಅವತ್ತಿಂದ ನಿದ್ದೆಯಿಲ್ಲ. ನೆಂಟರೆಲ್ಲ ನೋಡ್ತಿರಬೇಕು, ಮದುಮಗ ತನ್ನ ಸಾರೋಟಿಂದ ಇಳೀಬೇಕು, ಸಾಕಮ್ಮ ಪಕ್ಕದಲ್ಲಿ ನಿಂತು ಬಾಯಿ ಬಿಡಬೇಕು. ಜನ್ಮಕ್ಕೆ ಅದೊಂದು ಸಾಕು ಅನ್ನಿಸಿಬಿಟ್ಟಿತ್ತು.

ಮಗನ ಜೊತೆ ಜೀಪಲ್ಲೇ ಹೋಗೋಣ ಅಂದರೆ, ಸಾಕಮ್ಮ ಒಂದು ದಿನ ಮುಂಚೆ ಹೋಗಿ ಒಳ್ಳೆ ಹೆಸರು ತಗೊಂಡುಬಿಟ್ಟರೆ? ಅದಕ್ಕೇ ಇವಳೂ ಹಿಂದಿನ ದಿನವೇ ಬಸ್ಸು ಹತ್ತಿದಳು. ಹತ್ತುವಾಗ ಮಗನಿಗೆ ಹೇಳಿದಳು:

"ಲೋ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲಾಸಿ ಬಾ. ಬೆಂಗಳೂರಿಗೆ ಮಾತ್ರ ನುಗ್ಗಬೇಡ, ಸಾರೋಟು ಸಿಕ್ಕಾಕೊಂಡರೆ ಬೆಳಗಾಯ್ತದೆ. ಎಲ್ಲಿ ಗಾಡಿ ಸಾಲಾಗಿ ನಿಂತಿರೋದು ಕಾಣ್ತದೋ ಅಲ್ಲಿಂದ ಹಿಂದಕ್ಕೆ ತಿರುಗಿಸ್ಕೋ!"

"ಆಗಲವ್ವ."

ಮರುದಿನ ಬೆಳಗ್ಗೆ ಮದುವೆಮನೆಯಲ್ಲಿ ದೊಡ್ಡತಾಯಮ್ಮ ಕಾಯಿ ತುರೀತಾ ಕೂತಿದ್ದಳು. ಎದುರಿಗೆ ಸಾಕಮ್ಮ ಬೀನ್ಸ್ ಹೆಚ್ತಿದ್ದಳು. ಹೊರಗೆ ನಿಂಗರಾಜ ಆಗಲೇ ಬಂದು ಕಾರಿಗೆ ಸೇವಂತಿಗೆ ಕಟ್ಟಿಸ್ತಿದ್ದ. ಫೋನು ಹೊಡ್ಕೊಂಡಿತು.

"ಅವ್ವಾ, ನಮ್ಮನೆ ಮುಂದೆ ನಿಂತಿದೀನಿ."

"ಇನ್ನೂ ಹೊರಟೇ ಇಲ್ವೇನೋ?"

"ಹೊರಟೆ ಕಣವ್ವ. ಬಸ್ ಸ್ಟ್ಯಾಂಡ್ ತಾವ ಆಟೋಗಳು ಸಾಲಾಗಿ ನಿಂತಿದ್ವು. ಹಿಂದಕ್ಕೆ ತಿರುಗಿಸ್ಕೊಂಡೆ. ಮೂರು ಸಲ ಹೋದೆ, ಮೂರು ಸಲವೂ ನಿಂತಿದ್ವು."

ದೊಡ್ಡತಾಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಹಿತ್ತಲಿಗೆ ಓಡಿದಳು. "ಥೂ ನಿನ್ನ! ಆಟೋ ಸ್ಟ್ಯಾಂಡಲ್ಲಿ ಆಟೋ ನಿಲ್ಲದೆ ಮಲಗ್ತವಾ? ನಿಂತಿರೋ ಗಾಡಿ ನೋಡಬೇಡ, ಓಡೋ ಗಾಡಿ ನೋಡು! ದೊಡ್ಡ ಲಾರಿಗಳನ್ನ ಹಗಲು ಹೊತ್ತು ಬೆಂಗಳೂರೊಳಕ್ಕೆ ಬಿಡಕ್ಕಿಲ್ಲ. ದಾಬಸ್‌ಪೇಟೆ ತಾವ ಒಂದು ದೊಡ್ಡ ಲಾರಿ ಹಿಂದೆ ಬೀಳು, ಅದು ಹೋದ ಕಡೆ ಹೋಗು!"

"ಆಗಲವ್ವ."

ಒಳಗೆ ಬಂದಾಗ ಸಾಕಮ್ಮ ಕೇಳಿದಳು, "ಏನಂತಕ್ಕಾ ನಿನ್ನ ಮಗ?"

"ಬರ್ತಾವ್ನೆ ಕಣೇ, ಬರ್ತಾವ್ನೆ. ಇನ್ನೇನು ಬಂದ."

ಹನ್ನೊಂದು ಗಂಟೆಗೆ ಮತ್ತೆ ಫೋನು.

"ಅವ್ವಾ, ಲಾರಿ ಹೋದ ಕಡೆ ಹೋದೆ. ಅದು ಕಲ್ಲು ಕ್ರಷರ್‌ಗೆ ಹೋಯ್ತು, ನಾನೂ ಹೋದೆ. ಅದು ಲೈನಲ್ಲಿ ನಿಂತ್ಕೊಂತು, ನಾನೂ ನಿಂತ್ಕೊಂಡೆ."

"ಅಯ್ಯೋ! ಆಮೇಲೆ?"

"ಜೆಸಿಬಿಯೋನು ಅದಕ್ಕೆ ಎಂ ಸ್ಯಾಂಡ್ ಮರಳು ತುಂಬಿದ. ಆಮೇಲೆ ನಮಗೂ ತುಂಬಿದ."

"ಸಾರೋಟಿಗಾ? ಮಖಮಲ್ಲಿನ ಸೀಟಿಗಾ?"

"ಮೇಲಿನ ತನಕ ತುಂಬಿದ ಕಣವ್ವ. ಒಳ್ಳೆಯೋನು, ಕಡಿಮೆ ಮಾಡಲಿಲ್ಲ."

ದೊಡ್ಡತಾಯಮ್ಮ ಹಿತ್ತಲಲ್ಲೇ ಕುಕ್ಕರಿಸಿದಳು. ಹೊರಗಿಂದ ಹೆಂಗಸರ ಮಾತು ಕೇಳಿಸ್ತಿತ್ತು: "ನಿಂಗರಾಜ ಕಾರು ಏನು ಚೆನ್ನಾಗಿ ಕಟ್ಟಿಸವ್ನೆ! ಮಗ ಅಂದರೆ ಅವನು ನೋಡು." ಒಂದೊಂದು ಮಾತೂ ಅವಳ ಹೊಟ್ಟೆಗೆ ಮೆಣಸಿನಪುಡಿ ಎರಚಿದಂಗಾಯಿತು.

"ಹಾಳಾದವನೇ! ಎಲ್ಲಾ ಸುರಿದು ಗುಡಿಸು! ಲಾರಿಗೆ ಬಾಯಿಲ್ಲ, ಮನುಷ್ಯರಿಗೆ ಬಾಯಿದೆ. ದೊಡ್ಡಬಳ್ಳಾಪುರದಲ್ಲಿ ಯಾರಾದರೂ ವಯಸ್ಸಾದೋರನ್ನ ನೋಡಿ ದಾರಿ ಕೇಳು. ಅವರು ಹೇಳಿದಂಗೆ ಹೋಗು!"

"ಆಗಲವ್ವ."

"ಏನಂತಕ್ಕಾ?" ಅಂದಳು ಸಾಕಮ್ಮ.

"ಬರ್ತಾವ್ನೆ ಕಣೇ, ಬರ್ತಾವ್ನೆ. ಇನ್ನೇನು ಬಂದ."

ಎರಡೂವರೆಗೆ ಮೂರನೇ ಫೋನು. ಈ ಸಲ ಫೋನಿನೊಳಗೆ ಹಾರನ್ನೋ ಹಾರನ್ನು.

"ಎಲ್ಲಿದೀಯೋ?"

"ಹೆಬ್ಬಾಳದ ಫ್ಲೈಓವರ್ ಮೇಲೆ ಕಣವ್ವ."

"ಅಯ್ಯಯ್ಯೋ! ಅದು ಬೆಂಗಳೂರು ಕಣೋ! ಬೆಂಗಳೂರಿಗೆ ನುಗ್ಗಬೇಡ ಅಂತ ಬಡ್ಕೊಂಡೆನಲ್ಲೋ!"

"ನೀನು ಹೇಳಿದಂಗೇ ಮಾಡಿದೆ. ವಯಸ್ಸಾದ ಒಬ್ಬ ತಾತನ್ನ ಕೇಳಿದೆ. ಮೊದಲು ನಮ್ಮನ್ನ ಹೆಬ್ಬಾಳದಲ್ಲಿ ಮಗಳ ಮನೆಗೆ ಬಿಟ್ಟು ಹೋಗಪ್ಪ ಅಂದರು. ತಾತ, ಅಜ್ಜಿ, ಅಜ್ಜಿ ತಂಗಿ, ಎರಡು ಕೋಳಿ, ಎಲ್ಲರೂ ಹಿಂದೆ ಕೂತವ್ರೆ. ಎಲೆ ಅಡಿಕೆಗೆ ನಿಲ್ಸು ಅಂದರು, ನಿಲ್ಸಿದೆ. ಕೋಳಿಗೆ ನೀರಿಗೆ ನಿಲ್ಸು ಅಂದರು, ನಿಲ್ಸಿದೆ. ಈಗ ಫ್ಲೈಓವರ್ ನೋಡಬೇಕು ನಿಲ್ಸು ಅಂದರು, ನಿಲ್ಸಿದೀನಿ. ಹಿಂದೆ ಯಲಹಂಕದವರೆಗೂ ಗಾಡಿ ನಿಂತವೆ ಅಂತಾವ್ರೆ."

ದೊಡ್ಡತಾಯಮ್ಮನಿಗೆ ಅಳು ಬಂತು. ಬಾವಿ ಕಟ್ಟೆ ಹತ್ತಿರ ಹೋಗಿ ಹಲ್ಲು ಕಚ್ಚಿ ಹೇಳಿದಳು:

"ಕೇಳೋ ನನ್ನ ಕರ್ಮವೇ! ಅವರನ್ನ ಇಳಿಸು. ಏರ್‌ಪೋರ್ಟ್ ರೋಡು ಹಿಡಿದು ದೇವನಹಳ್ಳಿಗೆ ಬಾ. ಇನ್ನು ಸಾರೋಟಲ್ಲಿ ಕೂತೋರು ಎಷ್ಟೇ ಬಡ್ಕೊಂಡ್ರೂ ನಿಲ್ಲಿಸಬೇಡ! ಜನ ಗುಂಪು ಸೇರಿರೋ ಕಡೆ ನುಗ್ಗಬೇಡ, ಪಕ್ಕದ ದಾರಿ ಹಿಡಿ, ಬಳಸ್ಕೊಂಡು ಹೋಗ್ತಾ ಇರು!"

"ಆಗಲವ್ವ."

ಈ ಸಲ ನೋಡಿ, ದೇವರು ಕಣ್ಣು ಬಿಟ್ಟ. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಜೀಪು ಗುರ್ ಅಂತ ಆಂಜನೇಯನ ಗುಡಿ ಮುಂದೆ ಬಂದು ನಿಂತಿತು. ಹಿಂದೆ ಸಾರೋಟು. ಹಿತ್ತಾಳೆ ದೀಪ ಥಳಥಳ. ನಿಂಗರಾಜ ತನ್ನ ಕಾರನ್ನ ಪಕ್ಕಕ್ಕೆ ಹಾಕ್ಕೊಂಡ. ಪೇಟ ಸುತ್ತಿದ ಮದುಮಗ ಸಾರೋಟು ಹತ್ತಿ ಕೂತು "ಏನೋ ಚುಚ್ತದಲ್ಲ" ಅಂದ. ಮಡಿಕೆ ಮಡಿಕೆಯಲ್ಲೂ ಎಂ ಸ್ಯಾಂಡ್ ಉಳಿದಿತ್ತು. ಇರಲಿ ಬಿಡಿ.

ದೊಡ್ಡತಾಯಮ್ಮ ಸಾಕಮ್ಮನ ಕೈ ಹಿಡಿದು ಎಳ್ಕೊಂಡು ಮಂಟಪದ ಬಾಗಿಲಿಗೆ ಓಡಿದಳು. ಆರತಿ ತಟ್ಟೆ ಹಿಡ್ಕೊಂಡು ನಿಂತಳು. "ನೋಡ್ತಿರು ಕಣೇ, ಇನ್ನು ಅರ್ಧ ಗಂಟೆ. ನನ್ನ ಮಗ ಗಂಡನ್ನ ತಂದು ಇಳಿಸ್ತಾನೆ." ಅಷ್ಟು ವರ್ಷದ ಹೊಟ್ಟೆಯುರಿಗೆ ತಣ್ಣೀರು ಹುಯ್ದಂಗಿತ್ತು.

ಅರ್ಧ ಗಂಟೆಯಾಯಿತು. ವಾಲಗ ಬಂತು. ತಮಟೆ ಬಂತು. ಕಳಶ ಹೊತ್ತ ಹೆಂಗಸರು ಬಂದರು. ಕುಣಿಯೋ ಹುಡುಗರು ಬಂದರು. ಊರಿಗೆ ಊರೇ ಬಂತು. ಸಾರೋಟು ಬರಲಿಲ್ಲ.

"ಗಂಡೆಲ್ಲಿ?" ಅಂದಳು ಹೊಂಬಾಳಮ್ಮ.

"ಹಿಂದೆ ಇದ್ದ" ಅಂದರು ವಾಲಗದವರು. ತಿರುಗಿ ನೋಡಿದರೆ ರಸ್ತೆ ಬರಿದು.

ದೊಡ್ಡತಾಯಮ್ಮ ಫೋನು ಮಾಡಿದಳು.

"ಎಲ್ಲಿದೀಯೋ?"

"ದೇವನಹಳ್ಳಿ ಹತ್ತಿರ ಹತ್ತಿರ ಬಂದೆ ಕಣವ್ವ. ಸೂಲಿಬೆಲೆಯಲ್ಲಿ ಏನು ಗುಂಪು ಅಂತೀಯ! ವಾಲಗ, ತಮಟೆ, ರಸ್ತೆ ತುಂಬ ಜನ. ನುಗ್ಗಲಿಲ್ಲ. ಪಕ್ಕದ ದಾರಿ ಹಿಡಿದೆ, ಬಳಸ್ಕೊಂಡು ಹೋಗ್ತಾ ಇದೀನಿ."

"ಗಂಡು? ಗಂಡೆಲ್ಲೋ?"

"ಹಿಂದೆ ಕೂತವ್ರೆ. ಆವಾಗಿಂದ ನಿಲ್ಸು ನಿಲ್ಸು ಅಂತ ಬಡ್ಕೊತಾವ್ರೆ. ನಿಲ್ಸಿಲ್ಲ ಕಣವ್ವ. ಪೇಟ ಎಸೆದರು, ಆದರೂ ನಿಲ್ಸಿಲ್ಲ."

ಆರತಿ ತಟ್ಟೆ ಕೈಯಿಂದ ಜಾರಿತು. ಫೋನಿನ ಮಾತು ಇಡೀ ಮಂಟಪಕ್ಕೆ ಕೇಳಿಸಿತ್ತು. ಹೊಂಬಾಳಮ್ಮ ಅಲ್ಲೇ ಕುಸಿದಳು. ಈಗ ಉಳಿದ ದಾರಿ ಒಂದೇ. ಹೂವು ಕಟ್ಟಿಸ್ಕೊಂಡ ನಿಂಗರಾಜನ ಕಾರು.

ದೊಡ್ಡತಾಯಮ್ಮ ಸಾಕಮ್ಮನ ಕಡೆ ತಿರುಗಿದಳು. ಜೀವ ಹೋದರೂ ಅವಳ ಮುಂದೆ ಕೈ ಚಾಚಲಾರೆ ಅಂದ್ಕೊಂಡಿದ್ದವಳು.

"ಸಾಕೀ, ನಿನ್ನ ಮಗನಿಗೆ..." ಅಂದಳು.

"ಆಗಲೇ ಹೋದ ಕಣಕ್ಕಾ" ಅಂದಳು ಸಾಕಮ್ಮ. ನಿಂಗರಾಜನ ಕಾರಿನ ಧೂಳು ಇನ್ನೂ ಇಳಿದಿರಲಿಲ್ಲ.

ಹೇಳಿಸ್ಕೊಳ್ಳೋ ಮೊದಲೇ ಮಾಡಿಬಿಟ್ಟಿದ್ದ! ದೊಡ್ಡತಾಯಮ್ಮನಿಗೆ ಅದನ್ನ ಮಾತ್ರ ತಡೆಯೋಕಾಗಲಿಲ್ಲ. ಫೋನಿನೊಳಕ್ಕೆ ಕಿರುಚಿದಳು: "ಬೋರಾ! ಜೀಪು ನಿಲ್ಲಿಸು! ಇನ್ನು ಮೇಲೆ ನಾನು ಹೇಳೋದೇನೂ ಕೇಳಬೇಡ! ನಿಂಗರಾಜ ಬರ್ತಾವ್ನೆ. ಅವನನ್ನ ನೋಡಿ ಕಲಿ! ಅವನು ಏನು ಮಾಡ್ತಾನೋ ನೀನೂ ಅದನ್ನೇ ಮಾಡು! ಅವನಿಗಿಂತ ಒಂದು ಗುಲಗಂಜಿ ಕಮ್ಮಿ ಮಾಡಿದರೆ ನೀನು ನನ್ನ ಮಗನೇ ಅಲ್ಲ!"

"ಆಗಲವ್ವ."

ಸಂಜೆ ಏಳು ಹೊಡೆಯೋ ಹೊತ್ತಿಗೆ ಬಿಳಿ ಕಾರು ಬಂದು ಮಂಟಪದ ಮುಂದೆ ನಿಂತಿತು. ನಿಂಗರಾಜ ಇಳಿದ, ಬಾಗಿಲು ತೆರೆದ, ಮದುಮಗನ್ನ ಕೈಹಿಡಿದು ಇಳಿಸಿದ. ಜನ ಹೋ ಅಂತು. ಆರತಿ ಎತ್ತಿದವಳು ಸಾಕಮ್ಮ. ದೊಡ್ಡತಾಯಮ್ಮ ಕಂಬದ ಹಿಂದೆ ನಿಂತು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಜೀಪು ಗುರ್ ಅಂತು. ಹಿಂದೆ ಸಾರೋಟು. ಬೋರಲಿಂಗ ಕಾರಿನ ಪಕ್ಕಕ್ಕೇ ತಂದು ನಿಲ್ಲಿಸಿದ. ನಿಂಗರಾಜ ಇಳಿದ ಹಾಗೇ ಇಳಿದ. ಹಿಂದಕ್ಕೆ ಹೋದ. ಒಬ್ಬರ ಕೈಹಿಡಿದು ಇಳಿಸಿದ. ಪೇಟ, ಹಾರ, ರೇಷ್ಮೆ ಪಂಚೆ. ಇನ್ನೊಬ್ಬ ಮದುಮಗ!

ಮಂಟಪದವರೆಲ್ಲ ಎದ್ದು ಬಾಗಿಲಿಗೆ ನುಗ್ಗಿದರು.

"ಇವರು ಯಾರೋ?" ಅಂದಳು ದೊಡ್ಡತಾಯಮ್ಮ.

"ಗೊತ್ತಿಲ್ಲ ಕಣವ್ವ. ನಿಂಗರಾಜ ಒಬ್ಬ ಮದುಮಗನ್ನ ಕೂರಿಸ್ಕೊಂಡು ಹೊರಟ. ನಾನೂ ಒಬ್ಬನ್ನ ಹುಡುಕ್ದೆ. ದೇವನಹಳ್ಳಿಯಲ್ಲಿ ಒಂದು ಗುಡಿ ಮುಂದೆ ಇವರು ಸಾರೋಟಿಗೆ ಕಾಯ್ತಾ ನಿಂತಿದ್ದರು. ಬಂತು ಬಂತು ಅಂತ ಅವರ ಕಡೆಯೋರೇ ಹತ್ತಿಸಿದರು. ಕಮ್ಮಿ ಮಾಡಿಲ್ಲ ಅಲ್ವಾ?"

ಹೊಸ ಮದುಮಗ ಕಮಾನಿನ ಮೇಲೆ ಹೂವಲ್ಲಿ ಬರೆದಿದ್ದ ಹೆಸರನ್ನ ಓದಿಕೊಂಡ. ಹೆಣ್ಣಿನ ಹೆಸರು ಬೇರೆ. "ಇದು ನನ್ನ ಮದುವೆ ಅಲ್ಲ" ಅಂದ, ಅಳೋ ದನಿಯಲ್ಲಿ.

ಸಾಕಮ್ಮ ಆರತಿ ತಟ್ಟೆಯನ್ನ ತಂದು ಓರಗಿತ್ತಿಯ ಕೈಗೆ ಕೊಟ್ಟಳು.

"ತಗೋ ಅಕ್ಕಾ, ನೀನೂ ಎತ್ತು. ನನ್ನ ಮಗ ತಂದಿದ್ದನ್ನ ನಿನ್ನ ಮಗನೂ ತಂದವ್ನೆ. ಇನ್ನಾದರೂ ಹೊಟ್ಟೆ ಉರ್ಕೋಬೇಡ."